ಇಲಿಮರಿ ಆಡಿದ ಮಾತು

ತಗಡು ಬಡಿಯುವವರ ಬೀದಿಯಲ್ಲಿ ಎಲ್ಲರ ಕಿವಿಯೂ ಎಳೆಯರ ಕಿವಿಯಷ್ಟು ಚುರುಕಾಗಿದೆ ಎಂದು ಯಂತ್ರ ಹೇಳಿದಾಗ, ಕಿವಿ ಪರೀಕ್ಷಿಸುವ ತಜ್ಞೆ ಮೊದಲು ಅನುಮಾನಿಸಿದ್ದು ಯಂತ್ರವನ್ನೇ.

ಅದರಲ್ಲಿ ತಪ್ಪೇನೂ ಇರಲಿಲ್ಲ. ಬೀದಿಯ ಒಂದು ತುದಿಯಿಂದ ಹಳೆಯ ಎಣ್ಣೆ ಡ್ರಮ್ಮುಗಳು ಉರುಳುತ್ತ ಒಳಬರುತ್ತಿದ್ದವು. ಇನ್ನೊಂದು ತುದಿಯಿಂದ ಬಕೆಟ್ಟು, ಟ್ರಂಕು, ಒಲೆ, ನೀರಿನ ತೊಟ್ಟಿಗಳಾಗಿ ಹೊರಹೋಗುತ್ತಿದ್ದವು. ನಡುವೆ ನಡೆಯುವುದೆಲ್ಲ ಸುತ್ತಿಗೆಯ ಕಾರುಬಾರು. ಡ್ರಮ್ಮನ್ನು ಸೀಳಿ, ಅಗಲಿಸಿ, ಕಬ್ಬಿಣದ ದಿಮ್ಮಿಯ ಮೇಲೆ ಹಾಸಿ, ಎದುರುಬದುರು ನಿಂತ ಇಬ್ಬರು ಅದರ ಡೊಂಕು ಹೋಗುವವರೆಗೆ ಬಡಿಯುತ್ತಿದ್ದರು. ಹೀಗೆ ಬಡಿಯುವ ಜೋಡಿಗಳು ಬೀದಿಯುದ್ದಕ್ಕೂ. ಶಬ್ದ ಅಳೆಯುವ ಮಾಪಕವನ್ನು ಅವಳು ಮೊದಲ ದಿನ ಕೈಯಲ್ಲಿ ಹಿಡಿದು ನಿಂತಾಗ ಅದರ ಅಂಕಿ ಸರ್ರನೆ ಮೇಲೇರಿ, ಇಳಿಯುವ ಮಾತೇ ಆಡದೆ ಅಲ್ಲೇ ಕೂತುಬಿಟ್ಟಿತ್ತು. ಅಂಥ ಕಡೆ ಹುಟ್ಟಿ ಅಲ್ಲೇ ಮೀಸೆ ನರೆತವರಿಗೆ ಸೂಜಿ ಬಿದ್ದರೂ ಕೇಳಿಸುತ್ತದೆ ಎಂದರೆ, ಅವಳು ಕಾಲೇಜಿನಲ್ಲಿ ಓದಿದ್ದನ್ನೆಲ್ಲ ಗಂಟುಕಟ್ಟಿ ಅಟ್ಟಕ್ಕೆ ಎಸೆಯಬೇಕಾಗಿತ್ತು.

ಆಸ್ಪತ್ರೆಯ ವ್ಯಾನು ಬೀದಿಯಿಂದ ಆಚೆಗೆ, ಒಂದು ಗೋದಾಮಿನ ದಪ್ಪ ಗೋಡೆಯ ಮರೆಯಲ್ಲಿ ನಿಲ್ಲುತ್ತಿತ್ತು. ಅದರೊಳಗೆ ಸದ್ದು ಹೊಗದ ಒಂದು ಪುಟ್ಟ ಗೂಡು. ಗೂಡಿಗೆ ಗಾಜಿನ ಕಿಟಕಿ. ಒಳಗೆ ಕೂತವರು ಹೆಡ್‌ಫೋನ್ ಹಾಕಿಕೊಂಡು, ಸದ್ದು ಕೇಳಿಸಿದಾಗಲೆಲ್ಲ ಗುಂಡಿ ಒತ್ತಬೇಕು. ಹೊರಗೆ ಕೂತ ತಜ್ಞೆ ಸದ್ದನ್ನು ಬರಬರುತ್ತ ಸಣ್ಣದಾಗಿಸುತ್ತ, ಕೇಳಿಸದೇ ಹೋಗುವ ಗಡಿಯನ್ನು ಗುರುತಿಸಿಕೊಳ್ಳುವಳು. ಇಷ್ಟೇ ಪರೀಕ್ಷೆ. ಆದರೆ ಈ ಬೀದಿಯವರಿಗೆ ಗಡಿಯೇ ಇರಲಿಲ್ಲ. ಸದ್ದು ಎಷ್ಟು ಸಣ್ಣದಾದರೂ ಗುಂಡಿ ಬೀಳುತ್ತಿತ್ತು.

ಆ ದಿನ ಗೂಡಿನಲ್ಲಿ ಕೂತಿದ್ದವನು ಬೀದಿಯ ಹಿರಿಯ. ಎಲ್ಲರಿಗೂ ಅವನು ತಾತ. ತೋಳು ಹಗ್ಗದಂತೆ ಹುರಿಗಟ್ಟಿತ್ತು. ತಲೆಯಲ್ಲಿ ಕೂದಲಿಗಿಂತ ಕಬ್ಬಿಣದ ಪುಡಿಯೇ ಹೆಚ್ಚು. ತಜ್ಞೆ ಸದ್ದಿಲ್ಲದೆ ಹೆಡ್‌ಫೋನಿನ ವೈರು ಕಿತ್ತಳು. ಆಮೇಲೆ ತನ್ನ ಗುಂಡಿ ಒತ್ತಿದಳು. ತಾತನೂ ಒತ್ತಿದ. ಮತ್ತೆ ಒತ್ತಿದಳು. ಮತ್ತೆ ಒತ್ತಿದ.

ಅವಳು ಗೂಡಿನ ಬಾಗಿಲು ತೆರೆದು ಕಿತ್ತ ವೈರನ್ನು ಅವನ ಮುಖದೆದುರು ಹಿಡಿದಳು. "ತಾತ, ವೈರೇ ಇಲ್ಲ. ನಿಮಗೆ ಹೇಗೆ ಕೇಳಿಸ್ತು?"

ತಾತ ಅವಳ ತುಟಿಯನ್ನೇ ನೋಡುತ್ತಿದ್ದು, ಮಾತು ಮುಗಿದ ಮೇಲೆ ದೊಡ್ಡ ದನಿಯಲ್ಲಿ ಹೇಳಿದ: "ನೀನು ಒತ್ತಿದೆಯಲ್ಲಮ್ಮಾ."

"ನನ್ನ ಕೈ ನಿಮಗೆ ಕಾಣಲ್ಲ!"

"ಕೈ ಕಾಣಲ್ಲ. ಒತ್ತೋ ಹೊತ್ತಿಗೆ ನಿನ್ನ ಎಡಭುಜ ಒಂದು ಕೂದಲೆಳೆ ಕೆಳಗಿಳಿಯುತ್ತೆ. ಅಷ್ಟು ಸಾಕು."

"ಕೇಳಿಸಿದಾಗ ಒತ್ತಿ ಅಂದಿದ್ದೆ ತಾತ."

"ಒತ್ತೋ ಹೊತ್ತಿಗೆ ಸರಿಯಾಗಿ ಒತ್ತಿದೆನೋ ಇಲ್ಲವೋ? ಅದು ಹೇಳು."

ವ್ಯಾನಿನ ಮೆಟ್ಟಿಲ ಬಳಿ ನಿಂತಿದ್ದ ಸೂಜಿಯಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಆ ಬೀದಿಯ ಆರೋಗ್ಯ ಕಾರ್ಯಕರ್ತೆ. ಬೀದಿಯ ಮಕ್ಕಳಿಗೆಲ್ಲ ಸೂಜಿ ಚುಚ್ಚಿದವಳಾದ್ದರಿಂದ ಆ ಹೆಸರು. ದಪ್ಪನೆಯ ಮೈ, ಅದಕ್ಕಿಂತ ದಪ್ಪನೆಯ ನಗು. "ಮೇಡಂ, ಇವರು ಮೋಸ ಮಾಡ್ತಿಲ್ಲ. ಒಂದೇ ತಗಡಿನ ಮೇಲೆ ಇಬ್ಬರು ಬಡಿಯೋರು. ಎದುರಿನವನ ಭುಜ ನೋಡದೆ ಸುತ್ತಿಗೆ ಇಳಿಸಿದರೆ ಬೆರಳು ಚಟ್ನಿ. ಹುಟ್ಟಾ ಭುಜ ನೋಡಿ ಬೆಳೆದೋರು. ಹೋದ ಸಲ ನೀವು ಕಿವಿಗೆ ಹಾಕ್ಕೊಳ್ಳಿ ಅಂತ ಬಿರಡೆ ಕೊಟ್ರಲ್ಲ, ಅದನ್ನೇನು ಮಾಡಿದ್ದಾರೆ ಕೇಳಿ."

"ಏನು ಮಾಡಿದ್ದೀರಿ ತಾತ?"

"ಸೋರೋ ತೊಟ್ಟಿಗೆ ಜಡಿದೆ. ಒಳ್ಳೇ ಮಾಲು ಅದು. ಇನ್ನೂ ಇದ್ದರೆ ಕೊಡು."

ತಜ್ಞೆ ವೈರನ್ನು ಮತ್ತೆ ಸಿಕ್ಕಿಸಿ, ಗೂಡಿನ ಕುರ್ಚಿಯನ್ನು ಗೋಡೆಯ ಕಡೆಗೆ ತಿರುಗಿಸಿದಳು. ತಾತ ಗೋಡೆ ನೋಡುತ್ತ ಕೂತ. ಈಗ ಸಣ್ಣ ಸದ್ದಿಗೆ ಗುಂಡಿ ಬೀಳಲೇ ಇಲ್ಲ. ಅವನ ಕಿವಿಯ ನಿಜವಾದ ಗೆರೆ ಪರದೆಯ ಮೇಲೆ, ಹಳ್ಳಕ್ಕೆ ಉರುಳಿದ ಡ್ರಮ್ಮಿನಂತೆ ಇಳಿಯುತ್ತ ಹೋಯಿತು. ಈ ಲೆಕ್ಕ ಶಾಸ್ತ್ರಕ್ಕೆ ಒಪ್ಪಿತು. ಅವಳಿಗೆ ಒಂದು ಬಗೆಯ ನೆಮ್ಮದಿಯೂ ಆಯಿತು, ಅದರ ಬೆನ್ನಿಗೇ ಸಂಕಟವೂ.

ಪರೀಕ್ಷೆ ಮುಗಿಸಿ ಹೊರಬಂದ ತಾತ ವ್ಯಾನಿನ ಕಬ್ಬಿಣದ ಮೆಟ್ಟಿಲನ್ನು ಹಿಮ್ಮಡಿಯಿಂದ ಒಮ್ಮೆ ಗುದ್ದಿದ. ಕೆಳಗಿನ ಮೆಟ್ಟಿಲ ಮೇಲೆ ಅವರಿಗೆ ಬೆನ್ನು ಹಾಕಿ ಕೂತಿದ್ದ ಹುಡುಗಿಯೊಬ್ಬಳು ತಟ್ಟನೆ ತಿರುಗಿದಳು. ನಾಲ್ಕು ದಾಟಿದ ಮಗು. ಕೆದರಿದ ಕೂದಲು, ಎಲ್ಲವನ್ನೂ ಒಟ್ಟಿಗೆ ನುಂಗಿಬಿಡುವಂಥ ಕಣ್ಣು. ತಾತನ ಮೊಮ್ಮಗಳು. ಬೀದಿಯೆಲ್ಲ ಅವಳನ್ನು ಇಲಿಮರಿ ಎನ್ನುತ್ತಿತ್ತು.

ತಜ್ಞೆ ತನ್ನ ಜಾಗದಿಂದ ಅಲುಗಾಡಲಿಲ್ಲ. ತಾತ ಮಗುವನ್ನು ಕೂಗಲಿಲ್ಲ, ಮೆಟ್ಟಿಲು ಗುದ್ದಿದ. ಈಗಷ್ಟೇ ಕಲಿತ ಪಾಠ ಅವಳ ತಲೆಯಲ್ಲಿ ಬಿಸಿಯಾಗಿತ್ತು: ಈ ಬೀದಿಯಲ್ಲಿ ತಿರುಗಿದವರೆಲ್ಲ ಕೇಳಿಸಿಕೊಂಡವರಲ್ಲ.

"ಈ ಮಗುವನ್ನ ಒಂದು ಸಲ ನೋಡ್ಲಾ?" ಎಂದಳು ಸೂಜಿಯಕ್ಕನಿಗೆ.

"ಇವಳನ್ನಾ? ಅಯ್ಯೋ, ನಾನೇ ನೋಡಿದ್ದೀನಲ್ಲ ಮೇಡಂ. ತೊಟ್ಟಿಲಲ್ಲಿದ್ದಾಗಲ್ಲ, ಕೂರೋಕೆ ಕಲಿತ ಮೇಲೆ, ಬೆನ್ನ ಹಿಂದೆ ಚಪ್ಪಾಳೆ ತಟ್ಟಿದೆ. ಗಕ್ಕನೆ ತಿರುಗಿ ನಕ್ಕಳು. ಮಾತು ಸ್ವಲ್ಪ ತಡ ಅಷ್ಟೇ."

"ಎಲ್ಲಿ ಕೂತಿದ್ರಿ ಆಗ?"

"ಅವರ ಮನೇಲಿ. ನೆಲದ ಮೇಲೆ."

ಸೂಜಿಯಕ್ಕನ ಮಾತು ಅಲ್ಲಿಗೇ ನಿಂತಿತು. ಆ ಬೀದಿಯ ಮನೆಗಳಿಗೆ ಮಣ್ಣಿನ ನೆಲವಿಲ್ಲ. ಕೆಸರಾಗದಿರಲೆಂದು ಮಿಕ್ಕ ತಗಡಿನ ಹಾಳೆಗಳನ್ನೇ ನೆಲಕ್ಕೆ ಹಾಸಿರುತ್ತಾರೆ. ಒಂದು ಮೂಲೆಯಲ್ಲಿ ಬೆಕ್ಕು ಜಿಗಿದರೆ ಇನ್ನೊಂದು ಮೂಲೆ ನಡುಗುತ್ತದೆ. ಸೂಜಿಯಕ್ಕನಂಥವಳು ಚಪ್ಪಾಳೆಗೆಂದು ಮುಂದೆ ವಾಲಿದರೆ ಕೇಳಬೇಕೆ?

ಅವಳು ತನ್ನ ಎರಡು ಅಂಗೈಗಳನ್ನು ಯಾರದೋ ಎಂಬಂತೆ ನೋಡಿಕೊಂಡಳು. "ಅಂದ್ರೆ ನನ್ನ ಕೈಯಲ್ಲ, ನನ್ನ ತೂಕ..." ಎಂದಳು. ಆಮೇಲೆ ನಗಲಿಲ್ಲ.

ಇಲಿಮರಿ ಗೂಡಿನೊಳಗೆ ಗೋಡೆ ನೋಡಿಕೊಂಡು ಕೂತಳು. ನೆಲಕ್ಕೆ ದಪ್ಪ ರಬ್ಬರು. ಸದ್ದು ಕೇಳಿದಾಗ ಕಡ್ಡಿಗೆ ಒಂದು ಬಳೆ ಹಾಕು ಎಂದು ಆಟ ಹೇಳಿಕೊಟ್ಟದ್ದು ಸುಲಭವಾಯಿತು. ತೋರಿಸಿದ್ದನ್ನು ಒಂದೇ ಸಲಕ್ಕೆ ಹಿಡಿದುಕೊಂಡಳು. ಬಳೆಯನ್ನು ಕೆನ್ನೆಗೆ ಒತ್ತಿ ಕಾದಳು. ತಜ್ಞೆ ಸದ್ದು ಕೊಟ್ಟಳು. ಏರಿಸಿದಳು. ಇನ್ನೂ ಏರಿಸಿದಳು. ಬಳೆ ಕೆನ್ನೆಯಲ್ಲೇ ಉಳಿಯಿತು. ತೀರ ದಪ್ಪನೆಯ, ತೀರ ಕೆಳದನಿಯ ಸದ್ದಿಗೆ ಮಾತ್ರ ಮಗು ಒಮ್ಮೆ ತಲೆ ಓರೆ ಮಾಡಿತು, ಯಾರೋ ತನ್ನ ಹೆಸರನ್ನು ಮರೆತು ಮರೆತು ನೆನೆಸಿಕೊಳ್ಳುತ್ತಿದ್ದಾರೆ ಎಂಬಂತೆ.

ಇನ್ನೊಂದು ಪರೀಕ್ಷೆ ಉಳಿದಿತ್ತು. ಆರೋಗ್ಯವಾದ ಕಿವಿ ಬರೀ ಕೇಳುವುದಿಲ್ಲ. ಒಳಗೆ ಹೋದ ಸದ್ದಿಗೆ ಉತ್ತರವಾಗಿ ತಾನೂ ಒಂದು ಸಣ್ಣ ದನಿ ಮಾಡುತ್ತದೆ. ಯಾರ ಕಿವಿಗೂ ಕೇಳಿಸದಷ್ಟು ಸಣ್ಣದು. ಸೂಕ್ಷ್ಮ ಯಂತ್ರಕ್ಕೆ ಮಾತ್ರ ಗೊತ್ತಾಗುವಂಥದ್ದು. ಇದನ್ನು ಮೊದಲ ಬಾರಿ ಓದಿದ ದಿನ ತಜ್ಞೆ ಪುಸ್ತಕ ಮುಚ್ಚಿಟ್ಟು ತನ್ನ ಕಿವಿಯನ್ನೇ ಮುಟ್ಟಿ ನೋಡಿಕೊಂಡಿದ್ದಳು. ಎಷ್ಟು ಮಕ್ಕಳ ಕಿವಿಗೆ ಆ ಪುಟ್ಟ ಕೊಳವೆ ಇಟ್ಟರೂ, ಒಳಗಿನಿಂದ ಉತ್ತರ ಬಂದಾಗಲೆಲ್ಲ ಅವಳ ಮೈ ಈಗಲೂ ಜುಮ್ಮೆನ್ನುತ್ತಿತ್ತು. ಬಾಗಿಲು ತಟ್ಟಿದರೆ 'ಇದ್ದೀನಿ' ಎಂದಂತೆ.

ಇಲಿಮರಿಯ ಬಲಗಿವಿಗೆ ಕೊಳವೆ ಇಟ್ಟಳು. ತಟ್ಟಿದಳು. ಉತ್ತರವಿಲ್ಲ. ಎಡಗಿವಿ. ಅಲ್ಲೂ ಇಲ್ಲ.

ಮಗುವಿನ ಅಮ್ಮ ಬೆಸುಗೆ ಹಾಕುವವಳು. ಕರೆ ಹೋದ ಕೂಡಲೇ, ಬೆಸುಗೆಯ ಹೊಗೆ ವಾಸನೆಯೊಂದಿಗೆ ಓಡಿಬಂದಳು. ತಜ್ಞೆ ಎಲ್ಲವನ್ನೂ ನಿಧಾನವಾಗಿ, ತುಟಿ ಕಾಣುವಂತೆ ಹೇಳಿದಳು. ಅಮ್ಮ ಕೇಳಿದಳು, ಅವಳ ಮುಖ ಮೊದಲು ಬಿಳಿಚಿಕೊಂಡಿತು, ಆಮೇಲೆ ಕೆಂಪಾಯಿತು.

"ನೋಡಿಮ್ಮಾ, ನೀವು ಓದಿದೋರು, ಯಂತ್ರ ಇಟ್ಕೊಂಡೋರು. ಆದ್ರೆ ನನ್ನ ಮಗಳಿಗೆ ಮಾತಿಲ್ಲ ಅನ್ನಬೇಡಿ. ನಮ್ಮ ಬೀದೀಲಿ ಅವಳಷ್ಟು ಮಾತಾಡೋರು ಇನ್ನೊಬ್ಬರಿಲ್ಲ. ದಿನಾ ನನ್ನ ತಲೆ ತಿಂತಾಳೆ!"

ತಜ್ಞೆಗೆ ಈ ಕೋಪದ ಪರಿಚಯವಿತ್ತು. ಎಷ್ಟೋ ತಾಯಂದಿರು ಹೀಗೇ ಹೇಳಿ ಆಮೇಲೆ ಕುಸಿದು ಕೂತದ್ದನ್ನು ಅವಳು ಕಂಡಿದ್ದಳು. ಅವಳನ್ನು ಕೊರೆಯುತ್ತಿದ್ದುದು ಬೇರೆ. ಕಿವಿ ಹೋದದ್ದಕ್ಕೆ ದಾರಿಯಿದೆ: ಮೊದಲು ಶಕ್ತಿಶಾಲಿ ಶ್ರವಣ ಸಾಧನ, ಅದು ಸಾಲದಿದ್ದರೆ ಶಸ್ತ್ರಚಿಕಿತ್ಸೆ ಮಾಡಿ ಕಿವಿಯೊಳಗೆ ಕೂರಿಸುವ ಯಂತ್ರ. ಆದರೆ ಮಿದುಳಿಗೆ ಭಾಷೆ ಹಿಡಿಯುವ ಕಾಲ ಎಂದೊಂದಿದೆ. ಯಾವುದೇ ಭಾಷೆಯ ಗಂಧವಿಲ್ಲದೆ ಆ ಕಾಲ ಕಳೆದುಹೋದರೆ, ಆಮೇಲೆ ಕಿವಿಗೆ ಎಷ್ಟು ಸದ್ದು ಸುರಿದರೂ ಅದು ಗಲಾಟೆಯಾಗಿಯೇ ಉಳಿಯಬಹುದು. ನಾಲ್ಕು ದಾಟಿದ ಈ ಮಗುವಿನ ಒಳಗೆ ಆ ಬಾಗಿಲು ಇನ್ನೂ ತೆರೆದಿದೆಯೋ, ಮುಚ್ಚುತ್ತ ಬಂದಿದೆಯೋ? ದೊಡ್ಡ ಆಸ್ಪತ್ರೆಯಲ್ಲೂ ಮೊದಲು ಕೇಳುವುದು ಇದನ್ನೇ. ಮಗುವಿಗೆ ಯಾವ ಭಾಷೆಯೂ ಇಲ್ಲ ಎಂದೇ ಅವಳಿಗೆ ತೋರುತ್ತಿತ್ತು.

"ತಲೆ ತಿಂತಾಳೆ ಅಂದ್ರಲ್ಲ," ಎಂದಳು ಕೊನೆಗೆ, "ಹೇಗೆ?"

"ಬಂದು ನೋಡಿ," ಎಂದಳು ಅಮ್ಮ, ಸೆರಗಿಗೆ ಕೈ ಒರೆಸಿಕೊಳ್ಳುತ್ತ. "ಇಲ್ಲಿ ಈ ಡಬ್ಬಿಯೊಳಗೆ ಗೋಡೆ ನೋಡ್ಕೊಂಡು ಕೂತರೆ ಯಾರು ತಾನೆ ಮಾತಾಡ್ತಾರೆ?"

ಸೂಜಿಯಕ್ಕ ಮುಂದೆ, ಅಮ್ಮ ಮತ್ತು ಮಗು ನಡುವೆ, ತಜ್ಞೆ ಕೊನೆಗೆ. ಬೀದಿಯ ಬಾಯಿಗೆ ಬಂದಾಗ ಸದ್ದು ಗೋಡೆಯಂತೆ ಎದುರಾಯಿತು. ಅವಳು ಇಷ್ಟು ದಿನ ಈ ಬೀದಿಯಲ್ಲಿ ಮಾಪಕ ನೋಡಿಕೊಂಡು ನಡೆದಿದ್ದಳು. ಇವತ್ತು ಮೊದಲ ಬಾರಿಗೆ ಜನರ ಕೈ ನೋಡಿದಳು. ಕೈಗಳಿಗೆ ಬಿಡುವೇ ಇರಲಿಲ್ಲ. ಒಬ್ಬ ಮೊಣಕೈ ಎತ್ತಿದ. ಆಚೆ ಬದಿಯವನು ಇಕ್ಕುಳ ಎಸೆದ. ಇನ್ನೊಬ್ಬ ಗದ್ದ ತುರಿಸಿದಂತೆ ಮಾಡಿದ, ಚಹಾ ಬಂತು. ಇವೆಲ್ಲ ಕೆಲಸದ ಸನ್ನೆಗಳು: ಎತ್ತು, ತಿರುಗಿಸು, ಬಿಸಿಯಿದೆ, ಸಾಕು. ಯಾವ ಕಾರ್ಖಾನೆಯಲ್ಲಾದರೂ ಇರುವಂಥವೇ. ಇಷ್ಟನ್ನೇ ಅಮ್ಮ ಮಾತು ಎಂದುಕೊಂಡಿದ್ದಾಳೆ.

ಇಲಿಮರಿ ಅಮ್ಮನ ಕೈ ಬಿಡಿಸಿಕೊಂಡು ಓಡಿದಳು. ಬೋರಲು ಹಾಕಿದ ಡ್ರಮ್ಮೊಂದರ ಮೇಲೆ ಹತ್ತಿ ನಿಂತು, ಎರಡೂ ಕಾಲು ಎತ್ತಿ ಕುಪ್ಪಳಿಸಿದಳು. ಅಕ್ಕಪಕ್ಕದವರು ತಲೆಯೆತ್ತಿದರು. ಅವಳು ಶುರುಮಾಡಿದಳು.

ತಜ್ಞೆಗೆ ಮೊದಲು ಕಂಡದ್ದು ಬರೀ ಚಲನೆ: ಬೆರಳು, ಹುಬ್ಬು, ಭುಜ, ಎಲ್ಲವೂ ಒಟ್ಟಿಗೆ, ನೀರು ಸುರಿದಂತೆ. ಸೂಜಿಯಕ್ಕ ಅವಳ ಕಿವಿಗೆ ಬಾಯಿಟ್ಟು ಕೂಗಿದಳು: "ನಿಮ್ಮ ಕಥೆ ಹೇಳ್ತಿದ್ದಾಳೆ ಮೇಡಂ! ನೀವೇ!"

ನಿಜವೇ. ಡ್ರಮ್ಮಿನ ಮೇಲೆ ನಿಂತಿದ್ದವಳು ಈಗ ಇಲಿಮರಿಯಲ್ಲ. ಬೆನ್ನು ನೆಟ್ಟಗಾಗಿತ್ತು, ಮೂಗಿನ ಮೇಲೆ ಇಲ್ಲದ ಕನ್ನಡಕ ಬಂದಿತ್ತು. ಎಡಭುಜ ಒಂದು ಕೂದಲೆಳೆ ಕೆಳಗಿಳಿಯಿತು. ಬೀದಿ ಹೋ ಎಂದು ನಕ್ಕಿತು. ತಾತ ಸುತ್ತಿಗೆ ಕೆಳಗಿಟ್ಟು ತೊಡೆ ತಟ್ಟಿಕೊಂಡ.

ತಜ್ಞೆ ನಗುವ ಬದಲು ಡ್ರಮ್ಮಿನ ಹತ್ತಿರಕ್ಕೆ ಸರಿದಳು. ಅವಳು ವಿಜ್ಞಾನ ಓದಿದವಳು. ಕಂಡದ್ದನ್ನು ಬಿಡಿಸಿ ನೋಡದೆ ನಂಬುವವಳಲ್ಲ. ಬಿಡಿಸಿ ನೋಡತೊಡಗಿದಳು. ಮಗು ವ್ಯಾನಿನ ಗೂಡನ್ನು ತನ್ನ ಬಲಕ್ಕೆ ಗಾಳಿಯಲ್ಲಿ ಕಟ್ಟಿ ಇಟ್ಟಿತ್ತು. ಆಮೇಲೆ ಗೂಡಿನ ಮಾತು ಬಂದಾಗಲೆಲ್ಲ ಬೆರಳು ಅದೇ ಜಾಗಕ್ಕೆ ಹೋಗುತ್ತಿತ್ತು. ಆಗಿ ಹೋದದ್ದನ್ನು ಹೇಳುವಾಗ ಕೈ ಭುಜದ ಹಿಂದಕ್ಕೆ ಬೀಸುತ್ತಿತ್ತು, ಆಗಬೇಕಾದದ್ದಕ್ಕೆ ಮುಂದಕ್ಕೆ. ಮೂಗು ಸುಕ್ಕಾದರೆ ಆ ಮಾತೆಲ್ಲ 'ಅಲ್ಲ' ಆಗುತ್ತಿತ್ತು. ಹುಬ್ಬೇರಿಸಿ ತಲೆ ವಾಲಿಸಿದರೆ 'ಹಾಗೇನಾದರೂ ಆದರೆ'.

"ಈಗ ಏನು ಹೇಳ್ತಿದ್ದಾಳೆ?"

ಅಮ್ಮ ತಲೆ ಚಚ್ಚಿಕೊಂಡಳು. "ಬುರುಡೆ ಬಿಡ್ತಿದ್ದಾಳೆ. ನೀವು ಕೊಳವೆ ಒಳಗಿಂದ ಅವಳ ಕಿವಿಗೆ ಒಂದು ಇರುವೆ ಬಿಟ್ರಂತೆ."

ಇಲಿಮರಿಯ ಎರಡು ಬೆರಳು ಹಣೆಯ ಮೇಲೆ ಮೀಸೆಗಳಾಗಿ ಅಲುಗಾಡಿದವು. ಈಗ ಅವಳು ಇರುವೆ. ಇರುವೆ ಕಿವಿಯೊಳಗೆ ಹೋಯಿತು. ಕತ್ತಲು. ಅಲ್ಲಿ ಇಲ್ಲಿ ತಡವರಿಸಿತು. ಯಾರಾದರೂ ಇದ್ದೀರಾ ಎಂದು ನೋಡಿತು. ಯಾರೂ ಇಲ್ಲ. ಮನೆ ಖಾಲಿ. ಸರಿ, ಯಾರೂ ಬೈಯುವವರಿಲ್ಲವಲ್ಲ ಎಂದು ಕಾಲು ಚಾಚಿ ಮಲಗಿಬಿಟ್ಟಿತು. ಹೊರಗೆ ಕನ್ನಡಕದವಳು ಕಾದಳು, ಕಾದಳು. ಇರುವೆ ಈಚೆ ಬರಲಿಲ್ಲ. ಇನ್ನೊಂದು ಕಿವಿಗೆ ಇನ್ನೊಂದು ಇರುವೆ ಬಿಟ್ಟಳು, ಮೊದಲನೆಯದನ್ನು ಎಬ್ಬಿಸಲಿ ಎಂದು. ಅದೂ ಹೋಗಿ ಇದರ ಪಕ್ಕದಲ್ಲಿ ಮಲಗಿತು. ಕನ್ನಡಕದವಳಿಗೆ ಅಳು ಬಂತು.

ಸುತ್ತಿಗೆಗಳು ಒಂದೊಂದಾಗಿ ನಿಂತಿದ್ದವು. ಒಬ್ಬರು ನಿಲ್ಲಿಸಿದ್ದನ್ನು ಕಂಡು ಇನ್ನೊಬ್ಬರು. ಇಲಿಮರಿಯ ಕೈ ಕಾಣಲಿ ಎಂದು ಆಚೆಯವರು ಈಚೆಗೆ ಬಂದಿದ್ದರು. ಎಲ್ಲರ ಭುಜಗಳೂ ನಗುವಿನಿಂದ ಕುಣಿಯುತ್ತಿದ್ದವು. ಬೀದಿಯಲ್ಲಿ ಈಗ ಇದ್ದದ್ದು ನಗು ಮತ್ತು ನಗುವಿನ ನಡುವಿನ ಮೌನ. ತಜ್ಞೆಯ ಮಾಪಕ ಅವಳ ಜೇಬಿನಲ್ಲಿತ್ತು. ಅದನ್ನು ತೆಗೆದು ನೋಡಬೇಕೆಂದು ಅವಳಿಗೆ ಹೊಳೆಯಲೇ ಇಲ್ಲ.

ಒಳಗೆ ಯಾರೂ ಇಲ್ಲ. ಮನೆ ಖಾಲಿ. ಅವಳು ಆ ಕೊಳವೆಯಿಂದ ಏನನ್ನು ಹುಡುಕುತ್ತಿದ್ದಳು, ಏನು ಸಿಗಲಿಲ್ಲ, ಸಿಗದಿದ್ದಕ್ಕೆ ಅವಳ ಮುಖ ಹೇಗೆ ಬಾಡಿತು, ಎಲ್ಲವನ್ನೂ ಆ ಮಗು ಕಂಡಿತ್ತು. ಕಂಡದ್ದನ್ನು ಒಳಗೇ ಕಲಸಿ, ಇಲ್ಲದ ಇರುವೆಗಳನ್ನು ಹುಟ್ಟಿಸಿ, ಅವಕ್ಕೆ ಬುದ್ಧಿ ಕೊಟ್ಟು, ಸೋಮಾರಿತನ ಕೊಟ್ಟು, ಇಡೀ ಬೀದಿಯನ್ನು ನಗಿಸುವ ಕಥೆ ಮಾಡಿ ಇಟ್ಟಿತ್ತು. ಮಾತು ಬಾರದ ಮಗು ಅಳಬಹುದು, ಬೇಡಬಹುದು, ಬೆರಳು ತೋರಿಸಬಹುದು. ಸುಳ್ಳು ಕಥೆ ಕಟ್ಟಲಾರದು. ಅದಕ್ಕೆ ಭಾಷೆ ಬೇಕು. ಹರಕುಮುರಕು ಭಾಷೆ ಸಾಲದು, ಇಡಿಯಾದ ಭಾಷೆ ಬೇಕು.

ಅವಳು ತಾತನ ಎದುರಿಗೆ ಹೋಗಿ ನಿಂತಳು. ತುಟಿ ನಡುಗುತ್ತಿದ್ದುದರಿಂದ ಎರಡು ಸಲ ಹೇಳಬೇಕಾಯಿತು. "ತಾತ, ಇಷ್ಟು ದೊಡ್ಡ ಭಾಷೆ ನಿಮ್ಮ ಬೀದೀಲಿ ಎಷ್ಟು ಕಾಲದಿಂದ ಇದೆ? ಇವಳಿಗೆ ಕಲಿಸಿದ್ದು ಯಾರು?"

"ಕಲಿಸಿದ್ದಾ?" ತಾತ ಸುತ್ತ ನೋಡಿದ, ಯಾರ ಮೇಲೆ ಹೊರಿಸಲಿ ಎಂಬಂತೆ. "ನಮಗೆಲ್ಲಿ ಬರುತ್ತಮ್ಮಾ ಇದೆಲ್ಲ. ನಮ್ಮ ಅಪ್ಪನ ಕಾಲದಿಂದ ಇರೋದು ಕೆಲಸದ ಸನ್ನೆ. ಎತ್ತು, ಇಳಿಸು, ಉಂಡ್ಯಾ, ಹುಷಾರು. ಒಂದು ಹಿಡಿ. ನಾಳೆ ಅನ್ನೋದಕ್ಕೇ ನಮ್ಮಲ್ಲಿ ಸನ್ನೆ ಇರಲಿಲ್ಲ. ಕೆಲಸ ಮಾಡೋ ಹೊತ್ತಲ್ಲಿ ನಾಳೆ ಯಾರಿಗೆ ಬೇಕು?"

"ಮತ್ತೆ?"

"ಇವಳು ಮಾಡಿದ್ದು. ಮೊದಮೊದಲು ಏನೋ ಆಡ್ತಾಳೆ ಅಂದುಕೊಂಡ್ವಿ. ಆಮೇಲೆ ನೋಡಿದ್ರೆ ಇವಳು ಕೇಳಿದ್ದಕ್ಕೆ ಉತ್ತರ ಕೊಡಬೇಕು ಅಂದ್ರೆ ನಾವೂ ಕಲೀಬೇಕು. ಕಲಿಯದಿದ್ರೆ ಬಿಡೋಳಲ್ಲ, ಗಡ್ಡ ಹಿಡಿದು ಎಳೀತಾಳೆ. ನಾನು ಇನ್ನೂ ಅರ್ಧ ತಪ್ಪು ಮಾಡ್ತೀನಿ. ಬೈಸಿಕೊಳ್ತೀನಿ."

ಅಮ್ಮ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದಳು: "ನಮಗೇ ಅರ್ಧಂಬರ್ಧ ಕಿವಿ. ಇವಳಿಗೂ ಹಾಗೇ ಇರಬಹುದು, ಬೀದಿ ಸದ್ದಿಗೆ ಮಂದ ಆಗಿದೆ ಅಂದುಕೊಂಡಿದ್ದೆ. ಹುಟ್ಟಿನಿಂದ ಏನೂ ಕೇಳಿಸಿಲ್ಲ ಅಂತ... ಅದು ನನಗೆ ಹೇಗೆ ಗೊತ್ತಾಗಬೇಕು? ಕೇಳಿದ್ದಕ್ಕೆಲ್ಲ ಇವಳ ಹತ್ತಿರ ಉತ್ತರ ಇರ್ತಿತ್ತಲ್ಲ."

ತಜ್ಞೆ ಅವಳ ಕೈ ಹಿಡಿದುಕೊಂಡಳು. ಬೇರೆ ಯಾವ ಬೀದಿಯಲ್ಲಿ ಹುಟ್ಟಿದ್ದರೂ ಈ ಮಗುವಿನ ಕಿವಿಯ ಕಥೆ ಮೊದಲ ವರ್ಷವೇ ಗೊತ್ತಾಗಿಬಿಡುತ್ತಿತ್ತು. ಈ ಬೀದಿ ಅದನ್ನು ಮುಚ್ಚಿಟ್ಟಿತು. ಆದರೆ ಬೇರೆ ಬೀದಿಯಲ್ಲಿ, ಬಾಯಿಯ ಮಾತೇ ಎಲ್ಲವೂ ಆದ ಮನೆಯಲ್ಲಿ, ಈ ಮಗು ಯಾರ ಗಡ್ಡ ಹಿಡಿದು ಎಳೆಯುತ್ತಿತ್ತು? ಒಂದು ಹಿಡಿ ಸನ್ನೆಯನ್ನು ಅದರ ಕೈಗೆ ಯಾರು ಹಾಕುತ್ತಿದ್ದರು? ಎರಡನ್ನೂ ತೂಗಿ ನೋಡಲು ಹೋದಳು, ತಕ್ಕಡಿ ನಿಲ್ಲಲಿಲ್ಲ. ಬಿಟ್ಟುಬಿಟ್ಟಳು.

ಮುಂದಿನ ವಾರ ಅವಳು ತಾಯಿಮಗಳನ್ನು ಕರೆದೊಯ್ದ ದೊಡ್ಡ ಆಸ್ಪತ್ರೆಯ ಕೋಣೆಯಲ್ಲಿ ಹೊಳೆಯುವ ಬಿಳಿ ನೆಲ, ಎತ್ತರದ ಕಿಟಕಿ, ಗೋಡೆಗೆ ಕಿವಿಯ ಒಳಗಿನ ಬಣ್ಣದ ಚಿತ್ರ. ಕಿವಿಯೊಳಗೆ ಯಂತ್ರ ಕೂರಿಸುವ ಹಿರಿಯ ವೈದ್ಯೆ ಪರೀಕ್ಷೆಯ ಗೆರೆಗಳನ್ನೆಲ್ಲ ನೋಡಿದರು. ಒರಟಾಗಿ ಮಾತಾಡುವವರಲ್ಲ, ಸುಳ್ಳು ಭರವಸೆ ಕೊಡುವವರೂ ಅಲ್ಲ.

"ನಾಲ್ಕು ದಾಟಿದೆ," ಎಂದರು ತಜ್ಞೆಗೆ. "ಇಲ್ಲಿಯವರೆಗೆ ಕಿವಿಗೆ ಹೆಚ್ಚುಕಡಿಮೆ ಏನೂ ಬಿದ್ದಿಲ್ಲ. ನಿನಗೆ ಗೊತ್ತಲ್ಲಮ್ಮ, ಮಾತು ಅಂದ್ರೇನು ಅಂತಲೇ ತಿಳಿಯದ ಮಿದುಳಿಗೆ ನಾವು ಸದ್ದು ಕೊಟ್ಟು ಏನು ಮಾಡೋಣ? ಮಗುವಿಗೆ ನೋವು, ಮನೆಯವರಿಗೆ ಆಸೆ ಹುಟ್ಟಿಸಿ ಕೈಬಿಟ್ಟ ಹಾಗೆ."

"ಮಾತು ಅಂದ್ರೇನು ಅಂತ ಇವಳಿಗೆ ಗೊತ್ತು ಡಾಕ್ಟರ್. ಅದು ಕಿವಿಯಿಂದ ಬಂದಿಲ್ಲ, ಅಷ್ಟೇ."

"ಮನೆ ಸನ್ನೆ ಎಲ್ಲ ಮಕ್ಕಳಲ್ಲೂ ಇರುತ್ತೆ. ಊಟ, ನೀರು, ಬೇಡ."

"ಅದಲ್ಲ. ನೀವೇ ಮಾತಾಡಿ ನೋಡಿ."

ವೈದ್ಯೆ ಕುರ್ಚಿಯನ್ನು ಮಗುವಿನ ಕಡೆಗೆ ತಿರುಗಿಸಿದರು. ಇಲಿಮರಿ ಅಮ್ಮನ ತೊಡೆಗಂಟಿ ನಿಂತು, ಗೋಡೆಯ ಮೇಲಿನ ಚಿತ್ರವನ್ನೇ ದಿಟ್ಟಿಸುತ್ತಿದ್ದಳು. ಈ ತಣ್ಣನೆಯ ಕೋಣೆಯಲ್ಲಿ, ಹೊಸ ಮುಖದ ಎದುರು, ಕೈ ಕಟ್ಟಿ ನಿಂತುಬಿಟ್ಟರೆ ಎಂದು ತಜ್ಞೆ ಅಳುಕಿದಳು. ಡ್ರಮ್ಮಿಲ್ಲ, ತಾತನಿಲ್ಲ, ನಗುವವರಿಲ್ಲ.

"ಅವಳಿಗೆ ಹೇಳಿ," ಎಂದರು ವೈದ್ಯೆ ಅಮ್ಮನಿಗೆ. "ನಾವು ಕಿವಿಗೆ ಒಂದು ಸಾಧನ ಹಾಕ್ತೀವಿ, ಆಗ ನಿನಗೆ ಸದ್ದು ಗೊತ್ತಾಗಬಹುದು ಅಂತ."

ಅಮ್ಮನ ಕೈ ಅರ್ಧಕ್ಕೇ ನಿಂತಿತು. "ಸದ್ದು ಅನ್ನೋದಕ್ಕೆ ನಮ್ಮಲ್ಲಿ ಸನ್ನೆ ಇಲ್ಲ ಮೇಡಂ. ಯಾವತ್ತೂ ಬೇಕಾಗಿಲ್ಲ." ತೊಡರುತ್ತ ತೊಡರುತ್ತ ಏನೋ ಹೇಳಿದಳು. ಇಲಿಮರಿ ಹುಬ್ಬು ಗಂಟಿಕ್ಕಿದಳು. ಕೈಯಾಡಿಸಿದಳು.

"ಏನಂತೆ?"

"ಅದು ಏನು, ಎಲ್ಲಿರುತ್ತೆ ಅಂತ ಕೇಳ್ತಿದ್ದಾಳೆ."

ಸದ್ದಿನ ಬಗ್ಗೆ ವರ್ಷಾನುಗಟ್ಟಲೆ ಓದಿದ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಜ್ಞೆ ಬಾಯಿ ತೆರೆದಳು. ಬಂದದ್ದೆಲ್ಲ ಅಲೆ, ಒತ್ತಡ, ಕಂಪನ. ಮುಚ್ಚಿದಳು. ಕೊನೆಗೆ ವೈದ್ಯೆಯೇ ಹೇಳಿದರು, ಪ್ರತಿ ಪದವನ್ನೂ ಹುಡುಕಿಕೊಂಡು: "ಹೀಗೆ ಹೇಳಿ. ಎಲ್ಲೋ ದೂರದಲ್ಲಿ ಏನೋ ಆಗುತ್ತೆ. ನೀನು ನೋಡಿಲ್ಲ. ನಿನ್ನ ಕಾಲಿಗೆ, ಕೈಗೆ ಅದು ಮುಟ್ಟಿಲ್ಲ. ಆದ್ರೂ ಅದು ಆಯ್ತು ಅಂತ ನಿನಗೆ ಗೊತ್ತಾಗುತ್ತೆ."

ಅಮ್ಮ ಹೇಳಿದಳು. ಇಲಿಮರಿ ಅಮ್ಮನ ಕೈಯನ್ನು ಕೊನೆಯವರೆಗೂ ನೋಡಿದಳು. ಆಮೇಲೆ ತನ್ನ ಕೈ ನೋಡಿಕೊಂಡಳು. ಬಲ ಮುಷ್ಟಿಯನ್ನು ಎಡ ಅಂಗೈಗೆ ಬಡಿದಳು. "ಅದು ಸುತ್ತಿಗೆ ಏಟು," ಎಂದು ಅಮ್ಮ ಪಿಸುಗುಟ್ಟಿದಳು, "ನಾವೆಲ್ಲ ಆಡೋದೇ." ಇಲಿಮರಿ ಮತ್ತೆ ಬಡಿದಳು. ಬಡಿದು ಮೂಗು ಸುಕ್ಕಿಸಿದಳು: ಇದಲ್ಲ. ಎಡ ಅಂಗೈಯನ್ನು ಸ್ವಲ್ಪ ದೂರ ಸರಿಸಿದಳು. ಇನ್ನೂ ದೂರ. ತೋಳು ಪೂರ್ತಿ ಚಾಚಿಕೊಂಡಿತು. ಈಗ ಬಲ ಮುಷ್ಟಿ ಗಾಳಿಯಲ್ಲಿ ಏಟು ಹಾಕಿತು. ಅದಕ್ಕೆ ತಾಗಿದ್ದು ಏನೂ ಇಲ್ಲ. ಅಷ್ಟು ದೂರದಲ್ಲಿ, ತನ್ನಷ್ಟಕ್ಕೆ ತೆರೆದುಕೊಂಡಿದ್ದ ಎಡ ಅಂಗೈ ಸಣ್ಣಗೆ ನಡುಗಿತು.

ಅವಳು ತಲೆಯೆತ್ತಿ, ಹುಬ್ಬೇರಿಸಿ, ಮೂವರನ್ನೂ ನೋಡಿದಳು. ಇದಾ?

ತಜ್ಞೆಯ ಕಣ್ಣೆದುರು ಮಗುವಿನ ಕೈ ಮಂಜುಮಂಜಾಗಿತ್ತು. ತಾನು ಪುಸ್ತಕದಲ್ಲಿ ಹಲವು ಪುಟ ದಾಟಿ ತಿಳಿದದ್ದನ್ನು, ಸದ್ದನ್ನೇ ಕಾಣದ ಒಂದು ಜೀವ ಎರಡು ಕೈಯ ನಡುವಿನ ಖಾಲಿ ಜಾಗದಲ್ಲಿ ಇಟ್ಟು ತೋರಿಸಿತ್ತು. ಒಂದು ಪದ ಹುಟ್ಟಿದ್ದನ್ನು ತಾನು ಕಂಡೆ ಎಂಬುದು ಅವಳಿಗೆ ನಿಧಾನವಾಗಿ ಅರಿವಾಯಿತು.

"ಈ ಸನ್ನೆ ಮೊದಲು ಇತ್ತಾ?" ವೈದ್ಯೆಯ ದನಿ ಇಳಿದಿತ್ತು.

"ಇಲ್ಲ ಮೇಡಂ. ಈಗಷ್ಟೇ ಮಾಡಿದ್ಲು."

ವೈದ್ಯೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಜ್ಞೆಯ ಕಡೆಗೆ ತಿರುಗದೆ, ಮಗುವನ್ನೇ ನೋಡುತ್ತ ಹೇಳಿದರು: "ತಡ ಆಗಿಲ್ಲ. ನಾಳೆಯಿಂದಲೇ ಸಾಧನ ಹಾಕಿ ನೋಡೋಣ. ಸಾಲದಿದ್ರೆ ಶಸ್ತ್ರಚಿಕಿತ್ಸೆ ನಾನೇ ಮಾಡ್ತೀನಿ." ಆಮೇಲೆ ಅಮ್ಮನಿಗೆ, ಬೆರಳೆತ್ತಿ: "ಕಿವಿ ಬಂದರೂ ಈ ಕೈ ಮಾತು ನಿಲ್ಲಿಸಕೂಡದು. ಯಾರು ಹೇಳಿದರೂ ಕೇಳಬೇಡಿ. ತಿಳೀತಾ?"

"ನಿಲ್ಲಿಸು ಅಂದ್ರೆ ಇವಳು ಬಿಡ್ತಾಳಾ ಮೇಡಂ," ಎಂದಳು ಅಮ್ಮ. ನಗಲು ಹೋದಳು, ಅಳು ಬಂತು. ಎರಡೂ ಒಟ್ಟಿಗೆ ಬಂದದ್ದರಿಂದ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಇಲಿಮರಿಗೆ ಇದ್ಯಾವುದೂ ಬೇಕಿರಲಿಲ್ಲ. ಅವಳ ಪ್ರಶ್ನೆಗೆ ಇನ್ನೂ ಉತ್ತರ ಬಂದಿರಲಿಲ್ಲ. ವೈದ್ಯೆಯ ಮೊಣಕಾಲನ್ನು ತಟ್ಟಿ, ಹುಬ್ಬೇರಿಸಿ ಕಾದಳು. ವೈದ್ಯೆ ಹೌದು ಎಂದು ತಲೆಯಾಡಿಸಿ, ತಮಗೆ ತಿಳಿದಂತೆ ಅದೇ ಸನ್ನೆ ಮಾಡಿದರು: ಒಂದು ಮುಷ್ಟಿ, ಒಂದು ಅಂಗೈ, ಒಂದು ನಡುಕ.

ಮಗು ಮುಖ ಸಿಂಡರಿಸಿತು. ಹತ್ತಿರ ಬಂದು, ಆ ಹಿರಿಯ ವೈದ್ಯೆಯ ಎಡಗೈಯನ್ನು ಮಣಿಕಟ್ಟು ಹಿಡಿದು ಎಳೆಯಿತು. ಸಾಲದು, ಇನ್ನೂ ದೂರ. ತೋಳು ಪೂರ್ತಿ ಚಾಚಿಕೊಂಡು, ಬೆರಳ ತುದಿ ಮೇಜಿನ ಅಂಚನ್ನೂ ದಾಟುವವರೆಗೆ ಎಳೆದು, ಅಲ್ಲಿ ಬಿಟ್ಟು, ಎರಡು ಹೆಜ್ಜೆ ಹಿಂದೆ ನಿಂತು ನೋಡಿತು. ಈಗ ಸರಿ.